ಮಲೆನಾಡಿನ ಸೇವಾಸಂಘಗಳ ಹೊಸ ವರ್ಷ

ಪ್ರತಿ ವರ್ಷ ಜುಲೈ 1ನೆಯ ತಾರೀಖಿಗೆ ರೋಟರಿ ಮತ್ತು ಲಯನ್ಸ್ ಸಂಸ್ಥೆಗಳ ಹೊಸ ವರ್ಷವು ಆರಂಭವಾಗುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಸೀಮೆಯಲ್ಲಿ ಅದೇ ಹೊತ್ತಿಗೆ ಮಳೆಗಾಲವೂ ಬಲಿತಿರುತ್ತದೆ. ಹಳೆಯ ಅಧ್ಯಕ್ಷರು ಇಳಿದು ಹೊಸ ಅಧ್ಯಕ್ಷರು ಪೀಠವನ್ನೇರುವ ಪದಗ್ರಹಣ ಸಮಾರಂಭಗಳ ವೃತ್ತಾಂತಗಳು ಆ ದಿನಗಳಲ್ಲಿ ಊರೂರಿನಿಂದಲೂ ಬರುತ್ತವೆ. ಹಾರ ತುರಾಯಿಗಳೂ ಅಭಿನಂದನ ಭಾಷಣಗಳೂ ಧಾರಾಳವಾಗಿಯೇ ಇರುತ್ತವೆ. ಅವುಗಳಿಗೆ ನಮ್ಮ ಅಡ್ಡಿಯಿಲ್ಲ. ಸೇವೆಗೆ ಮುಂದಾದವರನ್ನು ನಾಲ್ಕು ಜನ ಸೇರಿ ಗೌರವಿಸುವುದು ನಾಡಿನ ಸತ್ಸಂಪ್ರದಾಯವೇ ಸರಿ. ಆದರೆ ಹಾರವು ಬಾಡಿದ ಮೇಲೆ ಉಳಿಯುವ ಹನ್ನೊಂದು ತಿಂಗಳುಗಳಲ್ಲಿ ಏನು ನಡೆಯಬೇಕು ಎಂಬ ವಿಚಾರವನ್ನು ವಾಚಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ತಿಳಿಯುತ್ತೇವೆ.

ಈ ಸಂಘಗಳು ಪರದೇಶದಿಂದ ಬಂದವುಗಳೆಂದು ಮೂಗು ಮುರಿಯುವವರು ಕೆಲವರಿದ್ದಾರೆ. ರೋಟರಿಯು 1905ರಲ್ಲಿ ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರಿಂದಲೂ, ಲಯನ್ಸ್ ಸಂಸ್ಥೆಯು 1917ರಲ್ಲಿ ಅದೇ ನಗರದ ಮೆಲ್ವಿನ್ ಜೋನ್ಸರಿಂದಲೂ ಹುಟ್ಟಿದವೆಂಬುದು ನಿಜ. ಲಯನ್ಸ್ ಸಂಸ್ಥೆಯು ಭಾರತಕ್ಕೆ ಬಂದದ್ದು 1956ರಲ್ಲಿ. ಕನ್ನಡನಾಡು ಒಂದೇ ಆಡಳಿತದ ಕೆಳಗೆ ಕೂಡಿಕೊಂಡ ವರ್ಷವೂ ಅದೇ. ಆದರೆ ಸೇವಾಭಾವವನ್ನು ನಾವು ಯಾರಿಂದಲೂ ಕಡವಾಗಿ ತಂದವರಲ್ಲ. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ಥಾನಿ ಸೇವಾದಲಕ್ಕೆ ಬುನಾದಿ ಹಾಕಿದರು. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನೆರೆದ ಕಾಂಗ್ರೆಸ್ ಅಧಿವೇಶನದಲ್ಲಿ ಕನ್ನಡ ನಾಡಿನ ಸ್ವಯಂಸೇವಕರು ದುಡಿದರು. ಹರ್ಡೀಕರರು ಉತ್ಸಾಹವೊಂದನ್ನೇ ನೆಚ್ಚಿಕೊಂಡವರಲ್ಲ. ಸ್ವಯಂಸೇವಕನಿಗೆ ಮೊದಲು ಶಿಕ್ಷಣ, ಆಮೇಲೆ ಶಿಸ್ತು, ಅದರ ನಂತರವೇ ಕೆಲಸ ಎಂಬ ಕ್ರಮವನ್ನು ಅವರು ಹಾಕಿಕೊಟ್ಟರು. ಇಂದಿನ ಸೇವಾಸಂಘಗಳು ಷಿಕಾಗೋವಿನ ನಿಯಮಾವಳಿಯ ಜೊತೆಗೆ ಹುಬ್ಬಳ್ಳಿಯ ಈ ಪಾಠವನ್ನೂ ನೆನಪಿನಲ್ಲಿಟ್ಟುಕೊಳ್ಳುವುದು ಒಳಿತು.

ಕ್ರಮಬದ್ಧವಾದ ಸೇವೆಯಿಂದ ಎಂಥ ಫಲ ದೊರೆಯಬಹುದೆಂಬುದಕ್ಕೆ ಪೋಲಿಯೋ ನಿರ್ಮೂಲನವೇ ಸಾಕ್ಷಿ. ರೋಟರಿಯು 1985ರಲ್ಲಿ ಜಗತ್ತಿನಿಂದ ಈ ರೋಗವನ್ನು ತೊಲಗಿಸುವ ಸಂಕಲ್ಪ ಮಾಡಿತು. ನಮ್ಮ ದೇಶದಲ್ಲಿ 1995ರಿಂದ ಪಲ್ಸ್ ಪೋಲಿಯೋ ಕಾರ್ಯಕ್ರಮವು ನಡೆಯಿತು. ಶಾಲಾ ಉಪಾಧ್ಯಾಯರೂ ಅಂಗನವಾಡಿಯ ತಾಯಂದಿರೂ ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಮನೆ ಮನೆಗೆ ಹೋದರು; ಹನಿ ಹಾಕಿದ ಮಗುವಿನ ಬೆರಳಿಗೆ ಶಾಯಿಯ ಗುರುತು ಹಾಕಿದರು; ತಪ್ಪಿಹೋದ ಮನೆಗೆ ಮರುದಿನ ತಿರುಗಿ ಹೋದರು. 2011ರ ಜನವರಿ 13ರಂದು ಬಂಗಾಳದ ಹಾವಡಾ ಜಿಲ್ಲೆಯಲ್ಲಿ ಕಂಡ ಪ್ರಕರಣವೇ ಭಾರತದ ಕಡೆಯ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ನಮ್ಮ ದೇಶಕ್ಕೆ ಪೋಲಿಯೋಮುಕ್ತವೆಂಬ ಪ್ರಮಾಣಪತ್ರವು ದೊರೆಯಿತು. ಒಂದು ವರ್ಷದ ಅಧ್ಯಕ್ಷರಿಂದ ಆದ ಕೆಲಸ ಇದಲ್ಲ. ಸುಮಾರು ಇಪ್ಪತ್ತು ವರ್ಷಗಳ ಕಾಲ ಒಬ್ಬರ ಕೈಯಿಂದ ಇನ್ನೊಬ್ಬರು ಅದೇ ದೀಪವನ್ನು ತೆಗೆದುಕೊಂಡು ನಡೆದುದರಿಂದ ಆದದ್ದು.

ನಮ್ಮ ಸಂಘಗಳ ದೊಡ್ಡ ಕೊರತೆಯು ಇಲ್ಲಿಯೇ ಇದೆ. ಪ್ರತಿ ವರ್ಷ ಅಧ್ಯಕ್ಷರು ಬದಲಾಗುವರು; ಅವರೊಡನೆ ಕಾರ್ಯಕ್ರಮವೂ ಬದಲಾಗುವುದು. ಒಬ್ಬರು ಗಿಡ ನೆಡಿಸಿದರೆ ಮುಂದಿನವರು ನೀರು ಹಾಕುವುದನ್ನು ಮರೆತು ಬೇರೆ ಗುಂಡಿ ತೋಡಿಸುವರು. ಕಾಫಿಯ ತೋಟ ಮಾಡಿದವರಿಗೆ ಈ ವಿಷಯವನ್ನು ಹೇಳಿಕೊಡಬೇಕಾದದ್ದಿಲ್ಲ. ಗಿಡ ನೆಟ್ಟ ವರ್ಷವೇ ಯಾರೂ ಫಸಲನ್ನು ಎಣಿಸುವುದಿಲ್ಲ. ನೆರಳನ್ನು ಹದಮಾಡಿ, ಕಳೆ ತೆಗೆದು, ಹೂಮಳೆಗೆ ಕಾದು, ನಾಲ್ಕಾರು ವರ್ಷ ಸಲಹಿದ ಮೇಲೆ ಗಿಡವು ಕೈಗೆ ಬರುವುದು. ಸೇವೆಯ ಗಿಡಕ್ಕೂ ಅಷ್ಟೇ ಸಹನೆ ಬೇಕು.

ಮುಂಬರುವ ತಿಂಗಳುಗಳ ಕಾರ್ಯಕ್ರಮಗಳನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ನೇತ್ರದಾನ ಪಕ್ಷವು ನಡೆಯುತ್ತದೆ. ಲಯನ್ಸ್ ಸಂಸ್ಥೆಗೂ ಕಣ್ಣಿನ ಸೇವೆಗೂ ಹಳೆಯ ನಂಟು. ಕಣ್ಣೂ ಕಿವಿಯೂ ಇಲ್ಲದೆ ಬೆಳೆದು ಲೋಕವಿಖ್ಯಾತರಾದ ಹೆಲೆನ್ ಕೆಲ್ಲರ್ ಅವರು 1925ರಲ್ಲಿ ಆ ಸಂಸ್ಥೆಯ ಸಮ್ಮೇಳನಕ್ಕೆ ಬಂದು ಅಂಧರ ಪರವಾಗಿ ನಿಲ್ಲಬೇಕೆಂದು ಬೇಡಿಕೊಂಡಂದಿನಿಂದ ಅದು ಬೆಳೆದು ಬಂದಿದೆ. ಕನ್ನಡಿಗರಿಗಂತೂ ನೇತ್ರದಾನದ ಮಹಿಮೆ ತಿಳಿಯದ್ದಲ್ಲ. 2006ರಲ್ಲಿ ಡಾ. ರಾಜಕುಮಾರರ ಕಣ್ಣುಗಳು ದಾನವಾದವು. 2021ರಲ್ಲಿ ಅವರ ಪುತ್ರ ಪುನೀತರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದ ಮೇಲೆ ಸಾವಿರಾರು ಜನರು ತಾವಾಗಿಯೇ ಪ್ರತಿಜ್ಞಾಪತ್ರ ಬರೆದುಕೊಟ್ಟರು. ಆದರೆ ಪ್ರತಿಜ್ಞಾಪತ್ರವು ತಾನೇ ಯಾರಿಗೂ ದೃಷ್ಟಿ ಕೊಡಲಾರದು. ಪ್ರಾಣ ಹೋದ ಸುಮಾರು ಆರು ಗಂಟೆಗಳೊಳಗೆ ಕಣ್ಣನ್ನು ತೆಗೆಯಬೇಕಷ್ಟೆ. ಪೇಟೆಯಲ್ಲಿ ಇದು ಸುಲಭ. ಕಳಸದ ಆಚೆಯ ಒಂಟಿ ಮನೆಯೊಂದರಲ್ಲಿ ನಡುರಾತ್ರಿ ಸಾವು ಸಂಭವಿಸಿದರೆ, ಮಳೆಯಲ್ಲಿ ಘಟ್ಟದ ದಾರಿಯನ್ನು ಹತ್ತಿ ಬರುವವರು ಯಾರು? ಆದುದರಿಂದ ಪ್ರತಿಜ್ಞಾಪತ್ರಗಳ ಸಂಖ್ಯೆಯನ್ನು ಹೆಚ್ಚಿಸುವುದರ ಜೊತೆಗೆ, ಈ ಕೆಲಸದಲ್ಲಿ ತರಬೇತಿ ಹೊಂದಿದವರು ಹೋಬಳಿಗೊಬ್ಬರಾದರೂ ಸಿಕ್ಕುವಂತೆ ವೈದ್ಯರೊಡನೆ ಸಂಘಗಳು ಏರ್ಪಾಡು ಮಾಡಿಕೊಳ್ಳತಕ್ಕದ್ದು.

ಅಕ್ಟೋಬರ್ 1 ಸ್ವಯಂಪ್ರೇರಿತ ರಕ್ತದಾನದ ದಿನ. ಆ ದಿನ ಎಲ್ಲ ಸಂಘಗಳೂ ಶಿಬಿರ ನಡೆಸುವವು. ಬಾಟಲಿಗಳ ಲೆಕ್ಕ ಪತ್ರಿಕೆಗಳಲ್ಲಿ ಅಚ್ಚಾಗುವುದು. ಆದರೆ ರಕ್ತವು ಕಣಜದಲ್ಲಿ ತುಂಬಿಡುವ ಭತ್ತವಲ್ಲ. ಕೆಂಪು ಕಣಗಳನ್ನು 42 ದಿನಗಳಿಗಿಂತ ಹೆಚ್ಚು ಕಾಲ ಇಡಲಾಗದು. ಡೆಂಗೆ ಜ್ವರದ ಕೆಲವು ರೋಗಿಗಳಿಗೆ ಬೇಕಾಗುವ ಪ್ಲೇಟ್‌ಲೆಟ್ಟುಗಳು ಐದೇ ದಿನಗಳಲ್ಲಿ ಕೆಟ್ಟುಹೋಗುವುವು. ಒಂದೇ ದಿನ ನೂರು ಮಂದಿ ಕೊಟ್ಟು ಮುಂದಿನ ಮೂರು ತಿಂಗಳು ಸುಮ್ಮನಿದ್ದರೆ, ಆ ನಡುವೆ ಹೆರಿಗೆಯ ತಾಯಿಗೆ ರಕ್ತ ಬೇಕಾದಾಗ ಗತಿಯೇನು? ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ರೋಟರಿ, ಲಯನ್ಸ್, ಜೇಸಿ ಈ ಮೂರೂ ಸಂಸ್ಥೆಗಳು ಒಟ್ಟಿಗೆ ಕುಳಿತು, ತಿಂಗಳಿಗೊಂದು ಊರಿನಂತೆ ಸರದಿ ಹಾಕಿಕೊಂಡರೆ ವರ್ಷವಿಡೀ ಕೊರತೆ ಬಾರದು. ಇದಕ್ಕೆ ಬೇಕಾದದ್ದು ಹಣವಲ್ಲ; ಒಂದು ಪಟ್ಟಿ, ಒಂದಿಷ್ಟು ಸೌಹಾರ್ದ. ಸೆಪ್ಟೆಂಬರ್ 9ರಿಂದ 15ರವರೆಗೆ ನಡೆಯುವ ಜೇಸಿ ಸಪ್ತಾಹದಲ್ಲಿ ಇಂಥ ಕೂಡುಸಭೆಯೊಂದನ್ನು ಮೂಡಿಗೆರೆಯಲ್ಲಿ ಕರೆಯಬಾರದೇಕೆ?

ನವೆಂಬರ್ ಬಂದಿತೆಂದರೆ ಅರಾಬಿಕಾ ಕುಯ್ಲು ಆರಂಭ. ಜನವರಿಯಿಂದ ಮಾರ್ಚಿಯವರೆಗೆ ರೊಬಸ್ಟಾ. ಮೊದಲು ಘಟ್ಟದ ಕೆಳಗಿನಿಂದಲೂ ತಮಿಳುನಾಡಿನಿಂದಲೂ ಮೇಸ್ತ್ರಿಗಳು ಆಳುಗಳನ್ನು ಕರೆತರುತ್ತಿದ್ದರು. ಈಚೆಗೆ ಅಸ್ಸಾಮಿನಂಥ ದೂರದ ಸೀಮೆಯಿಂದಲೂ ಸಂಸಾರಸಮೇತ ಕೂಲಿಕಾರರು ಬರುತ್ತಿದ್ದಾರೆ. ಅವರಿಗೆ ಕನ್ನಡ ತಿಳಿಯದು. ಕಾಡಾನೆ ತೋಟಕ್ಕೆ ಇಳಿದಿದೆ ಎಂಬ ಎಚ್ಚರಿಕೆಯನ್ನು ಕನ್ನಡದಲ್ಲಿ ಕೊಟ್ಟರೆ ಅವರಿಗೆ ಮುಟ್ಟುವುದೇ? 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಹಬ್ಬುವುದೆಂದೂ, ಬೇಸಗೆಯ ತಿಂಗಳುಗಳಲ್ಲಿ ಹೆಚ್ಚುವುದೆಂದೂ ಅವರಿಗೆ ಹೇಳಿದವರು ಯಾರು? ಸಂಜೆಯ ಹೊತ್ತು ಕೂಲಿಲೈನುಗಳಿಗೆ ಹೋಗಿ ನಿತ್ಯವ್ಯವಹಾರದ ನೂರಿನ್ನೂರು ಕನ್ನಡ ಮಾತುಗಳನ್ನು ಕಲಿಸುವುದು, ಅವರ ಮಕ್ಕಳನ್ನು ಹತ್ತಿರದ ಕನ್ನಡ ಶಾಲೆಗೆ ಸೇರಿಸುವುದು ಸೇವೆಯೂ ಹೌದು, ನಾಡುನುಡಿಯ ಕೈಂಕರ್ಯವೂ ಹೌದು. ಮಕ್ಕಳ ಸಂಖ್ಯೆ ಕುಗ್ಗಿ ಬಾಗಿಲು ಮುಚ್ಚುವ ಭಯದಲ್ಲಿರುವ ಮಲೆನಾಡಿನ ಎಷ್ಟೋ ಶಾಲೆಗಳಿಗೆ ಇದರಿಂದ ಜೀವ ಬಂದೀತು. ನವೆಂಬರ್ 1ರಂದು ಬಾವುಟ ಹಾರಿಸಿದವರು ಮರುದಿನ ಸಂಜೆಯೇ ಈ ಕೆಲಸಕ್ಕೆ ಹೊರಟರೆ ರಾಜ್ಯೋತ್ಸವವು ನಿಜವಾಗಿಯೂ ಸಾರ್ಥಕವಾಗುವುದು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಕಾಫಿಸೀಮೆಯ ಸೇವಾಸಂಘಗಳಲ್ಲಿ ತೋಟದ ಧಣಿಗಳು ಹಲವರು ಸದಸ್ಯರಾಗಿರುವರು. ಕೂಲಿಕಾರರಿಗೆ ವಾಸಕ್ಕೆ ಮನೆ, ಕುಡಿಯುವ ನೀರು, ವೈದ್ಯೋಪಚಾರ, ಶಿಶುಪಾಲನೆ ಇವುಗಳನ್ನು ಒದಗಿಸುವ ಹೊಣೆಯನ್ನು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯೇ ದೊಡ್ಡ ತೋಟಗಳ ಮಾಲೀಕರ ಮೇಲೆ ಹೊರಿಸಿತು. ಕಾಯಿದೆಗಳ ಹೆಸರು ಕಾಲಕಾಲಕ್ಕೆ ಬದಲಾಗಬಹುದು; ಹೊಣೆ ಬದಲಾಗದು. ಪೇಟೆಯಲ್ಲಿ ಉಚಿತ ಆರೋಗ್ಯ ಶಿಬಿರವನ್ನು ಉದ್ಘಾಟಿಸಿದ ಧಣಿಯ ಸ್ವಂತ ಲೈನಿನಲ್ಲಿಯೇ ಸೂರು ಸೋರುತ್ತಿದ್ದರೆ, ಆ ಶಿಬಿರದ ಪುಣ್ಯವು ಯಾರ ಲೆಕ್ಕಕ್ಕೂ ಸೇರದು. ಕಾನೂನಿನಿಂದ ಕೊಡಬೇಕಾದದ್ದನ್ನು ದಾನವೆಂದು ಕರೆಯುವುದು ಸಲ್ಲದು. ಮನೆಯಂಗಳದ ಕರ್ತವ್ಯವನ್ನು ಮುಗಿಸಿದವನು ಬೀದಿಯಲ್ಲಿ ಮಾಡುವ ಸೇವೆಗೆ ಸಾವಿರ ಪಾಲು ತೂಕವಿರುವುದು. ಬಹುಮಂದಿ ಧಣಿಗಳು ಈ ಧರ್ಮವನ್ನು ಅರಿತು ನಡೆಯುವರೆಂದು ನಾವು ನಂಬಿದ್ದೇವೆ; ಉಳಿದವರಿಗೆ ಅವರೇ ಬುದ್ಧಿ ಹೇಳಲಿ.

ಸ್ತ್ರೀಯರ ವಿಷಯವಾಗಿಯೂ ಎರಡು ಮಾತು. 1987ರವರೆಗೆ ಈ ಎರಡು ಮಹಾಸಂಸ್ಥೆಗಳೂ ಹೆಂಗಸರನ್ನು ಸದಸ್ಯರಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಆ ಬಾಗಿಲು ತೆರೆದು ಬಹುಕಾಲವಾಗಿದೆ. ಆದರೂ ಸಭೆಗಳಲ್ಲಿ ಆರತಿ ಹಿಡಿಯುವುದಕ್ಕೂ ಪ್ರಾರ್ಥನೆ ಹಾಡುವುದಕ್ಕೂ ಮಾತ್ರವೇ ಅವರನ್ನು ಕರೆಯುವ ವಾಡಿಕೆ ಪೂರ್ತಿಯಾಗಿ ಹೋಗಿಲ್ಲ. ಕಾಫಿ ಕುಯ್ಯುವವರಲ್ಲಿ ಬಹುಮಂದಿ ಹೆಂಗಸರು. ಅವರ ಕಷ್ಟಗಳನ್ನು ಕೇಳಿ ತಿಳಿಯಬೇಕಾದರೆ ಹೆಂಗಸರೇ ಹೋಗಬೇಕು. ಹೋದವರ ಮಾತಿಗೆ ಸಂಘದ ನಿರ್ಣಯಗಳಲ್ಲಿ ಸ್ಥಾನವೂ ಇರಬೇಕು.

ಕಡೆಯದಾಗಿ ಮಳೆಯ ಮಾತು. 2019ರ ಆಗಸ್ಟ್ ತಿಂಗಳ ಮಹಾಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಮೊದಲಾದೆಡೆಗಳಲ್ಲಿ ಗುಡ್ಡ ಕುಸಿದು ಮನೆಗಳೂ ತೋಟಗಳೂ ಮಣ್ಣುಪಾಲಾದದ್ದನ್ನೂ, ಚಾರ್ಮಾಡಿ ಘಟ್ಟದ ದಾರಿ ಕಟ್ಟಿಹೋದದ್ದನ್ನೂ ಮಲೆನಾಡಿಗರು ಮರೆಯಲಾರರು. ಅಂಥ ವೇಳೆಯಲ್ಲಿ ಅಕ್ಕಿ, ಕಂಬಳಿ, ಬಟ್ಟೆಗಳು ಬಂದು ಬೀಳುವುದಕ್ಕೆ ನಮ್ಮ ನಾಡಿನಲ್ಲಿ ತೊಡಕಿಲ್ಲ. ಕನ್ನಡಿಗರ ಕೈ ದೊಡ್ಡದು. ಯಾವ ಹಳ್ಳಿಯಲ್ಲಿ ನಡೆಯಲಾಗದ ಮುದುಕರಿದ್ದಾರೆ, ಯಾವ ಮನೆಯಲ್ಲಿ ಬಸುರಿಯಿದ್ದಾಳೆ, ಯಾರ ಬಳಿ ಜೀಪಿದೆ, ಯಾವ ಶಾಲೆಯ ಕಟ್ಟಡ ಗಟ್ಟಿಯಾಗಿದೆ ಎಂಬ ತಿಳಿವಳಿಕೆಯೇ ಆ ಗಳಿಗೆಯಲ್ಲಿ ಸಿಕ್ಕದ ವಸ್ತು. ಹೊಸ ಅಧ್ಯಕ್ಷರು ಪೀಠವೇರುವುದೇ ನಡುಮಳೆಗಾಲದಲ್ಲಾದುದರಿಂದ, ಈ ಪಟ್ಟಿಯನ್ನು ಇಳಿಯುವ ಅಧ್ಯಕ್ಷರು ಮೇ ತಿಂಗಳಲ್ಲಿಯೇ ಸಿದ್ಧಪಡಿಸಿ ಪದಗ್ರಹಣದ ದಿನ ಹಾರದ ಜೊತೆಗೆ ಕೈಗೆ ಕೊಡಲಿ. ಅದಕ್ಕಿಂತ ಒಳ್ಳೆಯ ಅಭಿನಂದನೆ ಬೇರೊಂದಿಲ್ಲ.

ನಮ್ಮ ವಾಚಕರಲ್ಲಿ ಉಪಾಧ್ಯಾಯರು ಬಹಳ ಮಂದಿಯಿದ್ದಾರೆ. ಈ ಪಟ್ಟಿಯನ್ನು ಬರೆಯಬಲ್ಲವರು ಅವರೇ. ಯಾವ ಮಗು ಯಾವ ಹಳ್ಳವನ್ನು ದಾಟಿ ಶಾಲೆಗೆ ಬರುತ್ತದೆಂಬುದು ಮೇಷ್ಟರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರದು. ಸೆಪ್ಟೆಂಬರ್ 5ರಂದು ಅವರಿಗೆ ಶಾಲು ಹೊದಿಸಿ ಕಳಿಸುವ ಸಂಘಗಳು ಅವರನ್ನು ತಮ್ಮ ಆಲೋಚನಾಸಭೆಗೂ ಕರೆಯಲಿ. ಮೇಷ್ಟರ ತಿಳಿವಳಿಕೆ, ಧಣಿಗಳ ದ್ರವ್ಯ, ತರುಣರ ತೋಳು ಇವು ಮೂರೂ ಕೂಡಿದರೆ ಹೇಮಾವತಿ ಹುಟ್ಟುವ ಈ ನಾಡಿನಲ್ಲಿ ಆಗದ ಕೆಲಸವಿಲ್ಲ. ಜಾವಳಿಯಲ್ಲಿ ಸಣ್ಣ ತೊರೆಯಾಗಿ ಹೊರಟ ಆ ನದಿಯು ಹಳ್ಳ ಹಳ್ಳವನ್ನೂ ಕೂಡಿಸಿಕೊಂಡು ಬಯಲುಸೀಮೆಯ ಗದ್ದೆಗಳಿಗೆ ನೀರುಣ್ಣಿಸುವಂತೆ, ಊರೂರಿನ ಈ ಸಂಘಗಳೂ ಒಂದೇ ಹರಿವಿನಲ್ಲಿ ಕೂಡಲಿ. ಹೊಸ ವರ್ಷದ ಪದಾಧಿಕಾರಿಗಳಿಗೆ ನಮ್ಮ ಹಾರೈಕೆಗಳು. ಮುಂದಿನ ಜೂನಿನಲ್ಲಿ ಅವರು ಪೀಠದಿಂದಿಳಿಯುವಾಗ ಅವರ ಕೆಲಸವನ್ನು ಮುಂದುವರಿಸುವವರು ಸಿದ್ಧರಾಗಿರಲಿ.