ನೆಲವೂ ತಕ್ಕಡಿಯೂ

ಕಾರ್ತಿಕ ಮಾಸವು ಕಳೆದು ಚಳಿಯು ಮೊದಲಾಯಿತೆಂದರೆ, ನಮ್ಮ ಬೆಂಗಳೂರಿನ ಬೀದಿಬದಿಗಳಲ್ಲಿ ಉಣ್ಣೆಯ ಅಂಗಿಗಳನ್ನು ಹರಡಿಕೊಂಡು ಕುಳಿತ ಟಿಬೇಟಿನ ಸ್ತ್ರೀಪುರುಷರನ್ನು ವಾಚಕರು ಕಂಡೇ ಇರುವರು. ಹಲಸೂರಿನ ಗೃಹಿಣಿಯೂ ಶಿವಾಜಿನಗರದ ಗುಮಾಸ್ತನೂ ಚೌಕಾಸಿ ಮಾಡಿ, ಮಕ್ಕಳಿಗೊಂದು ಅಂಗಿಯನ್ನು ಕೊಂಡು ಮನೆಗೆ ಹೋಗುವರು. ಮಾರುವವರಲ್ಲಿ ಅನೇಕರು ಬೇಸಾಯಗಾರರ ಮನೆಯವರೆಂಬುದನ್ನು ಬಲ್ಲವರು ವಿರಳ. ಬೇಸಾಯಗಾರನು ಅಂಗಿ ಮಾರಲು ಏತಕ್ಕೆ ಬರಬೇಕು? ಈ ತಿಂಗಳು ಇದನ್ನೇ ವಿಚಾರಿಸೋಣ.

೧೯೫೯ರಲ್ಲಿ ದಲಾಯಿ ಲಾಮಾರವರು ಭಾರತವನ್ನು ಆಶ್ರಯಿಸಿದ ತರುವಾಯ, ಅಂದಿನ ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ೩,೦೦೦ ಎಕರೆ ಭೂಮಿಯನ್ನು ಅವರ ಜನಕ್ಕೆ ಒದಗಿಸಿತು. ೧೯೬೦ರಿಂದ ಅಲ್ಲಿ ವಸತಿಯು ಆರಂಭವಾಯಿತು. ಹಿಮದ ನಾಡಿನಿಂದ ಬಂದವರು ಕಾಡನ್ನು ಕಡಿದು, ಮುಸುಕಿನ ಜೋಳವನ್ನು ಬಿತ್ತಲು ಕಲಿತರು. ಬೀಜ, ಗೊಬ್ಬರ, ಉಳುಮೆಯ ಟ್ರಾಕ್ಟರುಗಳಿಗಾಗಿ ಸಹಕಾರ ಸಂಘವನ್ನೂ ಕಟ್ಟಿಕೊಂಡರು. ಆ ಸಂಘವಿಲ್ಲದಿದ್ದರೆ ವಸತಿಯು ನಿಲ್ಲುತ್ತಿತ್ತೇ ಎಂಬುದು ಸಂದೇಹ.

ಆದರೂ ಸಂಸಾರಗಳು ಬೆಳೆದಂತೆ ಭೂಮಿಯು ಬೆಳೆಯಲಿಲ್ಲ. ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿದ್ದು. ಮುಸುಕಿನ ಜೋಳವಾದರೋ ಹೆಚ್ಚಾಗಿ ಕೋಳಿಗಳ ಆಹಾರಕ್ಕೆ ಹೋಗತಕ್ಕ ಸರಕು. ತೇವವಿದ್ದರೆ ಬೂಷ್ಟು ಹಿಡಿಯುವುದು. ಒಣಗಿಸಲು ಕಣವೂ ಇಡಲು ಉಗ್ರಾಣವೂ ಇಲ್ಲದ ರೈತನು ಕೇಳಿದ ಬೆಲೆಗೆ ಮಾರಲೇಬೇಕು. ಕೈ ಕೆಸರಾದರೆ ಬಾಯಿ ಮೊಸರೆಂಬುದು ಗಾದೆ. ಇಲ್ಲಿ ಕೆಸರು ಒಬ್ಬನ ಕೈಗೆ, ಮೊಸರು ಮತ್ತೊಬ್ಬನ ಬಾಯಿಗೆ.

ಆಲಮಟ್ಟಿಯ ಜಲಾಶಯಕ್ಕಾಗಿ ಊರು ಬಿಟ್ಟ ನಮ್ಮವರಿಗೂ ಈ ಮಾತು ಸಲ್ಲುವುದು. ಹುಟ್ಟಿದೂರಿನಲ್ಲಿ ಕಷ್ಟಕಾಲಕ್ಕೆ ಬಂಧುವಿರುವನು, ಗುರುತಿನ ವರ್ತಕನಿರುವನು. ಹೊಸ ನೆಲದಲ್ಲಿ ಯಾರು? ಅಲ್ಲಿ ಸಂಘವೇ ಬಂಧುವಾಗಬೇಕು. ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದು ರೈತನಿಗೆ ಸಾಲವನ್ನು ಸುಲಭಮಾಡಿತು. ಆದರೆ ಸಾಲವೊಂದೇ ಸಾಲದು. ತೂಗುವ ತಕ್ಕಡಿಯೂ ರೈತರದಾಗಬೇಕು. ಹಾಲಿನ ಸಂಘಗಳನ್ನು ನೋಡಿರಿ: ತಂದ ಹಾಲನ್ನು ಅಳೆದು, ಜಿಡ್ಡನ್ನು ಪರೀಕ್ಷಿಸಿ, ಲೆಕ್ಕವನ್ನು ಬರೆದುಕೊಡುವರು. ಜೋಳಕ್ಕೂ ಹಾಗೆಯೇ ಒಣಗಿಸುವ ಕಣ, ತೇವ ನೋಡುವ ಯಂತ್ರ, ಉಗ್ರಾಣ, ಇಟ್ಟ ಧಾನ್ಯದ ಮೇಲೆ ಮುಂಗಡ ಇವು ದೊರೆತರೆ ರೈತನು ಬೆಲೆಗಾಗಿ ಕಾಯಬಲ್ಲನು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸದಸ್ಯರ ಮುಂದೆ ಲೆಕ್ಕವನ್ನು ಓದಿಹೇಳದ ಸಂಘವು ಸಾಹುಕಾರನಿಗಿಂತಲೂ ಕೇಡು. ಸಾಹುಕಾರನು ಕಳೆದರೆ ತನ್ನ ಹಣವನ್ನು ಕಳೆಯುವನು. ಸಂಘವು ಕಳೆಯುವುದು ಎಲ್ಲರ ಹಣವನ್ನು. ಆದಕಾರಣ ಮನೆಯ ಹೆಣ್ಣುಮಕ್ಕಳೂ ಸದಸ್ಯರಾಗಿ ಲೆಕ್ಕವನ್ನು ಕೇಳುವಂತಾಗಬೇಕು.

ನಗರದವರಾದ ನಮ್ಮ ಕರ್ತವ್ಯವೂ ಉಂಟು. ೧೯೫೯ರಲ್ಲಿ ಆರಂಭವಾದ ಹಾಪ್‌ಕಾಮ್ಸ್ ಬೆಳೆಗಾರರದೇ ಸಂಸ್ಥೆ. ಅಂತಹ ಅಂಗಡಿಯಲ್ಲಿ ಕೊಂಡ ಒಂದು ಸೇರು ಹುರುಳಿಕಾಯಿಯೂ ರೈತನಿಗೆ ಊರುಗೋಲು. ಚಳಿಗಾಲದಲ್ಲಿ ಉಣ್ಣೆಯ ಅಂಗಿಯನ್ನು ಕೊಳ್ಳುವಾಗ, ಬೆಲೆಯನ್ನು ಕೇಳಿದ ಬಳಿಕ, ಈ ಸಲ ಬೆಳೆ ಹೇಗಾಯಿತಮ್ಮಾ ಎಂದೂ ಒಂದು ಮಾತು ಕೇಳಿರಿ.