ಮಗುವಿನ ಬಾಯಲ್ಲಿ ಯಾರ ಮಾತು?

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆ ಕೌಟುಂಬಿಕ ನ್ಯಾಯಾಲಯದಲ್ಲಿ ದಿನವೂ ನಿಜವಾಗುತ್ತಿರುತ್ತದೆ. ಒಡವೆ, ಆಸ್ತಿ, ಜೀವನಾಂಶ ಇವಕ್ಕೆಲ್ಲ ಅಲ್ಲಿ ಲೆಕ್ಕ ಹಾಕಬಹುದು. ಮಗುವನ್ನು ಪಾಲು ಮಾಡಲು ಮಾತ್ರ ಬರುವುದಿಲ್ಲ. ಹಾಗಾಗಿ ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಮಗುವಿನ ಮನಸ್ಸನ್ನೇ ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾರೆ.

ಇದಕ್ಕೆ ದೊಡ್ಡ ಗದ್ದಲವೇನೂ ಬೇಕಿಲ್ಲ. “ನೀನು ಬೇಕಾಗಿದ್ದರೆ ನಿಮ್ಮಪ್ಪ ಹೀಗೆ ಮಾಡ್ತಿದ್ರಾ?” “ನೀನು ಅಮ್ಮನ ಹತ್ರ ಹೋದ್ರೆ ಅಜ್ಜಿ ಊಟಾನೇ ಮಾಡಲ್ಲ, ನೋಡು.” ವಾರಕ್ಕೆ ಇಂಥ ಒಂದೆರಡು ಮಾತು ಸಾಕು. ಭೇಟಿಯ ಭಾನುವಾರ ಬಂತೆಂದರೆ ಮಗುವಿಗೆ ಟ್ಯೂಷನ್ ಇರುತ್ತದೆ, ಇಲ್ಲವೇ ಜ್ವರ ಬಂದಿರುತ್ತದೆ. ಕೆಲವು ತಿಂಗಳಲ್ಲಿ ಮಗುವೇ ‘ನಾನು ಹೋಗಲ್ಲ’ ಎನ್ನುತ್ತದೆ. ಯಾಕೆಂದು ಕೇಳಿದರೆ ಹತ್ತು ವರ್ಷದ ಬಾಯಲ್ಲಿ ನಲವತ್ತು ವರ್ಷದವರ ಮಾತುಗಳು ಬರುತ್ತವೆ.

ಮಗುವಿನ ಮಾತಿಗೆ ಕಾನೂನಿನಲ್ಲಿ ಬೆಲೆಯಿದೆ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದೆಂದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಹೇಳುತ್ತದೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆನ್ನುವ 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯೂ ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ. ಆದರೆ ಮಗು ಹೇಳಿದ ಇಷ್ಟವೂ ಅದರ ಹಿತವೂ ಯಾವಾಗಲೂ ಒಂದೇ ಆಗಿರುವುದಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣವೊಂದರಲ್ಲಿ, ಎಳೆವಯಸ್ಸಿನಿಂದ ತಂದೆಯ ಮನೆಯಲ್ಲೇ ಬೆಳೆದ ಹುಡುಗಿ ಅಲ್ಲಿಯೇ ಇರಬೇಕೆಂದು ಹೇಳಿದಳು. ತಾಯಿಯೊಡನೆ ಇದ್ದು ನೋಡುವ ಅವಕಾಶವೇ ಸಿಗದ ಮಗುವಿನ ಆಯ್ಕೆಗೆ ಎಷ್ಟು ತೂಕ ಕೊಡಬೇಕೆಂದು ನ್ಯಾಯಾಲಯ ಯೋಚಿಸಿತು. ಪೋಷಕರಲ್ಲಿ ಒಬ್ಬರಿಂದ ಮಗುವನ್ನು ವಿಮುಖಗೊಳಿಸುವ ಬಗ್ಗೆ ತೀರ್ಪಿನಲ್ಲೇ ಪ್ರಸ್ತಾಪಿಸಿ, ಮಗು ತಾಯಿಯ ಬಳಿ ಇರಲೆಂದು ಹೇಳಿತು.

ಹಾಗೆಂದು ಮಗುವಿನ ಪ್ರತಿಯೊಂದು ‘ಬೇಡ’ವೂ ಬೇರೆಯವರು ಹೇಳಿಕೊಟ್ಟದ್ದಲ್ಲ. ಕುಡಿದು ಹೊಡೆಯುವವರನ್ನು ಕಂಡು ಹೆದರಿದ ಮಗುವೂ ‘ಬೇಡ’ ಎಂದೇ ಹೇಳುತ್ತದೆ. 1985ರಲ್ಲಿ ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ ಈ ವಿಮುಖತೆಗೆ ರೋಗಲಕ್ಷಣವೊಂದರ ಹೆಸರು ಕೊಟ್ಟರು. ಅದನ್ನು ಅಲ್ಲಿನ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಕಾಯಿಲೆಯೆಂದು ಸೇರಿಸಲಿಲ್ಲ. ಹಿಂಸೆಯ ಬಗ್ಗೆ ತಾಯಂದಿರು ಹೇಳುವ ದೂರನ್ನು ತಳ್ಳಿಹಾಕಲು ಈ ಹೆಸರು ಬಳಕೆಯಾಗುತ್ತಿದೆ ಎಂದು ವಿಶ್ವಸಂಸ್ಥೆಯ 2023ರ ವರದಿಯೊಂದು ಎಚ್ಚರಿಸಿತು. ಮಗು ಹೇಳುವುದು ತಾನು ಕಂಡದ್ದೋ, ಬರೀ ಕೇಳಿದ್ದೋ ಎಂದು ತಾಳ್ಮೆಯಿಂದ ತಿಳಿಯಬೇಕಾಗುತ್ತದೆ. ಇದಕ್ಕೆ ಬಲ್ಲವರ ನೆರವು ಪಡೆಯಲು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲೇ ಅವಕಾಶವಿದೆ.

ಈ ಜಗಳದಲ್ಲಿ ಹೆಚ್ಚು ಹಾನಿ ಮಾಡುವುದು ವಿಳಂಬ. ವಾಯಿದೆಯ ಮೇಲೆ ವಾಯಿದೆ ಬೀಳುವಷ್ಟರಲ್ಲಿ ಯುಕೆಜಿ ಮಗು ನಾಲ್ಕನೇ ತರಗತಿಗೆ ಬಂದಿರುತ್ತದೆ. ದೂರವಿರುವ ತಂದೆ ಅಥವಾ ತಾಯಿ ಅಷ್ಟರಲ್ಲಿ ಅಪರಿಚಿತರಾಗಿರುತ್ತಾರೆ. ಭೇಟಿಯ ಜೊತೆಗೆ ದಿನಕ್ಕೆ ಐದು ಹತ್ತು ನಿಮಿಷವಾದರೂ ಮಗುವಿನೊಡನೆ ಮಾತಾಡುವ ಅವಕಾಶವಿರಬೇಕು, ಅದು ವಿಡಿಯೋ ಕರೆಯಲ್ಲಾದರೆ ಇನ್ನೂ ಒಳ್ಳೆಯದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದು ಇದಕ್ಕಾಗಿಯೇ.

ಇಂಥ ಮನೆಗಳಿಂದ ಶಾಲೆಗೆ ಬರುವ ಮಕ್ಕಳಿಗೆ ಒಂದು ವಿಷಯ ಗೊತ್ತಿರಬೇಕು. ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆದು ಮಾತಾಡಿಸಿದಾಗ ಅಪ್ಪ ಅಮ್ಮಂದಿರಲ್ಲಿ ಒಬ್ಬರನ್ನು ಗೆಲ್ಲಿಸುವ ಹೊಣೆ ಮಗುವಿನದಲ್ಲ. ಹೆದರಿಕೆಯಿದ್ದರೆ ಹೇಳಬಹುದು. ‘ಇಬ್ಬರೂ ಬೇಕು’ ಎಂದೂ ಹೇಳಬಹುದು. ತೀರ್ಮಾನ ಮಾಡುವವರು ನ್ಯಾಯಾಧೀಶರು.

ಪೋಷಕರು ಮಾಡಬೇಕಾದದ್ದು ಸಣ್ಣಪುಟ್ಟ ಕೆಲಸಗಳೇ. ಜೀವನಾಂಶದ ಬಾಕಿಯನ್ನು ಮಗುವಿನ ಬಾಯಲ್ಲಿ ಕೇಳಿಸಬಾರದು. ಭೇಟಿ ಮುಗಿಸಿ ಬಂದ ಮಗುವನ್ನು ಪಾಟೀಸವಾಲಿಗೆ ಕೂರಿಸಬಾರದು. ಮಾರ್ಕ್ಸ್ ಕಾರ್ಡಿನ ಪ್ರತಿ ಇಬ್ಬರಿಗೂ ತಲುಪಬೇಕು. ಮಗುವಿಗೆ ಅಪಾಯವಿಲ್ಲದ ಕಡೆ, ಶಾಲೆಯ ವಾರ್ಷಿಕೋತ್ಸವಕ್ಕೆ ಇಬ್ಬರೂ ಬರಲಿ, ಬೇರೆ ಬೇರೆ ಸಾಲಿನಲ್ಲಿ ಕುಳಿತರೂ ಸರಿಯೇ. ವೇದಿಕೆಯ ಮೇಲೆ ನಿಂತ ಮಗು ಇಬ್ಬರಿಗೂ ಕೈ ಬೀಸಲು ಹೆದರಬೇಕಾದ ಸ್ಥಿತಿ ಬರಬಾರದು.