ನುಡಿಗೆ ನೆಲವೆಲ್ಲಿ?

ಬೆಂಗಳೂರಿನ ಗಾಂಧಿನಗರದಲ್ಲಿ, ಶೇಷಾದ್ರಿ ರಸ್ತೆಯ ಬದಿಯಲ್ಲಿದ್ದ ಹಳೆಯ ಕೇಂದ್ರ ಕಾರಾಗೃಹವು 2008ರಲ್ಲಿ 'ಫ್ರೀಡಂ ಪಾರ್ಕ್' ಎಂಬ ಉದ್ಯಾನವಾಯಿತು. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧನದಲ್ಲಿರಿಸಿದ್ದುದು ಇಲ್ಲಿಯೇ. ಅಂದು ಮಾತನಾಡಿದವರನ್ನು ಕೂಡಿಹಾಕಿದ ಆವರಣವೇ ಇಂದು ಮಾತನಾಡಬಯಸುವವರಿಗೆ ಮೀಸಲಾದ ಸ್ಥಳ! ನಗರದ ಪ್ರತಿಭಟನೆಗಳೆಲ್ಲ ಇಲ್ಲಿಯೇ ನಡೆಯತಕ್ಕದ್ದೆಂದು 2021ರ ಪೊಲೀಸ್ ಆದೇಶವು ವಿಧಿಸಿತು. ಅದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು 2022ರಲ್ಲಿ ಉಚ್ಚ ನ್ಯಾಯಾಲಯವೂ ನಿರ್ದೇಶಿಸಿತು. ರೋಗಿಯನ್ನು ಹೊತ್ತ ವಾಹನವು ಮೆರವಣಿಗೆಯ ನಡುವೆ ಸಿಲುಕಬಾರದೆಂಬ ಕಾಳಜಿ ನ್ಯಾಯವಾದುದೇ. ಆದರೆ ಕೋಟಿಗೂ ಮೀರಿದ ಜನರ ಅಸಮಾಧಾನಕ್ಕೆಲ್ಲ ಒಂದೇ ಅಂಗಳ ಸಾಕೆಂಬುದು ಒಪ್ಪತಕ್ಕ ಮಾತಲ್ಲ. ಮಲ್ಲೇಶ್ವರದ ದೂರನ್ನು ಮಲ್ಲೇಶ್ವರದವರೇ ಕೇಳದಿದ್ದರೆ ಮತ್ತಾರು ಕೇಳಬೇಕು?

ಸಂವಿಧಾನದ 19ನೆಯ ವಿಧಿಯು ನುಡಿಯುವ ಹಕ್ಕನ್ನು ಕೊಟ್ಟಿದೆ. ನುಡಿಯಲು ಪರರ ನೆಲವನ್ನು ಕೊಟ್ಟಿಲ್ಲ. ರೈಲ್ವೆಯ ಆವರಣದಲ್ಲಿ ಸಭೆ ಸೇರುವುದು ನೌಕರರ ಹಕ್ಕಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ಹೇಳಿತು. ಸಾರ್ವಜನಿಕ ಬೀದಿಯ ಸಭೆಗಳನ್ನು ನಿಯಂತ್ರಿಸಬಹುದೇ ಹೊರತು ಸಂಪೂರ್ಣವಾಗಿ ನಿಷೇಧಿಸಲಾಗದೆಂದು 1972ರಲ್ಲಿ ಅಹಮದಾಬಾದಿನ ಹಿಮ್ಮತಲಾಲ್ ಷಾ ಅವರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಎರಡನ್ನೂ ಕೂಡಿಸಿ ಓದಿದರೆ, ಬೀದಿ ಕಿರಿದಾದಷ್ಟೂ ನೆಲದ ಒಡೆಯನ ಮರ್ಜಿ ಹಿರಿದಾಗುತ್ತದೆ. ಅಂತರ್ಜಾಲದಲ್ಲಂತೂ ಬೀದಿಯೆಂಬುದೇ ಅಪರೂಪ. ಇರುವುದು ಬಹುಮಟ್ಟಿಗೆ ಕಂಪನಿಗಳ ಜಗುಲಿ.

ಹಾಗೆಂದು ಒಡೆಯನು ಬಂದವರಿಗೆಲ್ಲ ಬಾಗಿಲು ತೆರೆಯಲೇಬೇಕೆಂದಲ್ಲ. ತರಗತಿಗೆ ನುಗ್ಗಿ ಭಾಷಣ ಮಾಡುವವರನ್ನು ಯಾವ ಶಾಲೆಯೂ ಸಹಿಸಬೇಕಾಗಿಲ್ಲ. ಆದರೂ ಕಲ್ಯಾಣದ ಮಹಾಮನೆಯನ್ನು ಇಲ್ಲಿ ನೆನೆಯುವುದು ಯುಕ್ತ. ಅದು ಬಸವಣ್ಣನವರ ಸ್ವಂತ ಮನೆ. ಶೂನ್ಯಸಂಪಾದನೆಯ ಪ್ರಕಾರ, ಪ್ರಭುದೇವರು ಸಿದ್ಧರಾಮರೊಡನೆ ಅದರ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ಮಗ್ನರಾಗಿದ್ದರು. ಹಡಪದ ಅಪ್ಪಣ್ಣನವರು ಬಂದು ಕರೆದರೂ ಪ್ರಭುದೇವರು ಒಳಗಡಿಯಿಡಲಿಲ್ಲ. ಮನೆಯೊಡೆಯರ ನಡೆಯನ್ನೇ ಆಕ್ಷೇಪಿಸಿದರು. ಬಸವಣ್ಣನವರು ತಾವೇ ಹೊರಬಂದು ಅವರನ್ನು ಬರಮಾಡಿಕೊಂಡರು. ಮುಂದೆ ಶೂನ್ಯಸಿಂಹಾಸನವನ್ನೇರಿದವರು ಆ ಆಕ್ಷೇಪಕರೇ.

2018ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಪ್ರಶ್ನೆ ರಾಜ್ಯ ಸರ್ಕಾರದ ಶಿಫಾರಸಿನವರೆಗೆ ಹೋಯಿತು. ಆ ಸಂದರ್ಭದಲ್ಲಿ ಎರಡು ಪಕ್ಷದವರೂ ತಮ್ಮ ತಮ್ಮ ಸಮಾವೇಶಗಳಲ್ಲಿ ಗುಡುಗಿದರು. ಕೇಳಿದವರು ಮೊದಲೇ ಒಪ್ಪಿದ್ದವರು. ಇಂಥ ಪ್ರಶ್ನೆಗಳಿಗೆ ಮಠದ ಶಾಲೆಗಳ ಸಭಾಭವನಗಳು ತಿಂಗಳಿಗೊಂದು ಸಂಜೆಯಾದರೂ ತೆರೆದಿರಬಾರದೇಕೆ? ಕಾಲಮಿತಿ, ಸಭ್ಯತೆ, ಪ್ರತ್ಯುತ್ತರಕ್ಕೆ ಸಮಾನ ಅವಕಾಶ, ಈ ನಿಬಂಧನೆಗಳನ್ನು ಆಡಳಿತ ಮಂಡಳಿಯವರು ಅವಶ್ಯವಾಗಿ ವಿಧಿಸಲಿ. ಯಾವ ಅಭಿಪ್ರಾಯ ಹೊರಡಬೇಕೆಂಬುದನ್ನು ಮಾತ್ರ ವಿಧಿಸದಿರಲಿ. ಭವನ ಕಟ್ಟಿಸಿಕೊಟ್ಟ ದಾನಿಗಳಲ್ಲಿ ಒಬ್ಬಿಬ್ಬರಿಗೆ ಇದು ಮುನಿಸು ತಂದೀತು. ಅಂಥವರಿಗೆ ಮುಂದಿನ ಸಾಲಿನಲ್ಲಿ ಆಸನವನ್ನೂ ಮೊದಲ ಪ್ರಶ್ನೆ ಕೇಳುವ ಅವಕಾಶವನ್ನೂ ಕೊಡಬಹುದು.